ನಾಲ್ಕನೆಯ ಸೆಕೆಂಡು

ಮಹಾನಂದಾ ಹೊಂಬಳ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದಾಗ ಅವಳಿಗೆ ನಲವತ್ತೈದು ತುಂಬಿತ್ತು. ಮಲಪ್ರಭಾ ವಿಶ್ವವಿದ್ಯಾಲಯದಲ್ಲಿ ಡ್ರೈವರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವಳಿಗೆ ಅಲ್ಲಿನ ಗ್ರಂಥಾಲಯದಲ್ಲಿ ಅಟೆಂಡರ್ ಕೆಲಸ ಸಿಕ್ಕಿತ್ತು. ಓದಿದವರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಹದಿನಾಲ್ಕು ವರ್ಷ ಅವುಗಳ ಜಾಗಕ್ಕೆ ಮರಳಿಸಿದ್ದಳು. ಭೂಗರ್ಭಶಾಸ್ತ್ರದ ಕಪಾಟಿನ ಮುಂದೆ ಬಂದಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು. ಅವಳ ಅಪ್ಪ ಕಲ್ಲಿನ ಕ್ವಾರಿಯಲ್ಲಿ ದುಡಿದವನು. ಒಡೆದ ಕಲ್ಲಿನೊಳಗಿನ ಬಣ್ಣದ ಗೆರೆಗಳನ್ನು ತೋರಿಸಿ, ಇದು ಹೀಗೇಕೆ ಎಂದು ಅವಳು ಕೇಳಿದಾಗಲೆಲ್ಲ ಅವನು ನಕ್ಕು ಸುಮ್ಮನಾಗುತ್ತಿದ್ದ. ಪಿ.ಯು.ಸಿ.ಯಲ್ಲಿ ಸೈನ್ಸ್ ಓದಿದ್ದೇ ಓದಿದ್ದು, ಆ ಬೇಸಿಗೆಯಲ್ಲೇ ಮದುವೆಯಾಗಿ ಓದು ನಿಂತಿತ್ತು.

ಪದವಿಗೆ ಸೇರಲು ಇನ್ನು ವಯಸ್ಸಿನ ಮಿತಿ ಇಲ್ಲವೆಂದು ವಿಶ್ವವಿದ್ಯಾಲಯ ಪ್ರಕಟಿಸಿದ ದಿನವೇ ಮಗಳು ಶಿವಲೀಲಾ ಅರ್ಜಿ ತುಂಬಿಬಿಟ್ಟಳು.

"ಹುಡುಗರು ನನ್ನ ಮಾರಿ ನೋಡಿ ನಗತಾರ," ಎಂದಳು ಮಹಾನಂದಾ.

"ನಗಲಿ ಬಿಡವ್ವ. ಪರೀಕ್ಷಾ ಮುಗದ ಮ್ಯಾಲೆ ನೀ ನಗು."

ಶಿವಲೀಲಾ ಅದೇ ವಿಶ್ವವಿದ್ಯಾಲಯದ ಕಲಿಕಾ ವಿಜ್ಞಾನ ಕೇಂದ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಮಾರ್ಗದರ್ಶಕಿ ಡಾ. ಇಂದುಮತಿ ಮುಳಗುಂದ. ಶಿವಲೀಲಾಳಿಗೆ ಸ್ಕೂಟರ್ ಕಲಿಸಿದವರು, ವಿಚಾರಸಂಕಿರಣದಲ್ಲಿ ಎದ್ದುನಿಂತು ಮಾತಾಡುವ ಧೈರ್ಯ ಕೊಟ್ಟವರು, ಜ್ವರ ಬಂದಾಗ ಡಬ್ಬಿಯಲ್ಲಿ ಗಂಜಿ ತಂದವರು ಇಂದುಮತಿಯೇ. "ನನಗ ಇಬ್ಬರು ಅವ್ವಂದಿರು" ಎಂದು ಶಿವಲೀಲಾ ಗೆಳತಿಯರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಆ ಹೊತ್ತಿಗೆ ವಿಶ್ವವಿದ್ಯಾಲಯದ ಓದೆಲ್ಲ ಪಾಟಿಯ ಮೇಲೆ ನಡೆಯುತ್ತಿತ್ತು. ತೆಳ್ಳಗಿನ ಕಂಪ್ಯೂಟರ್ ಹಲಗೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಉಪನ್ಯಾಸ, ಪುಸ್ತಕ, ಪ್ರಶ್ನೆಪತ್ರಿಕೆ, ಮೆಸ್ಸಿನ ಊಟದ ಪಟ್ಟಿ, ಗೆಳೆಯರ ಹರಟೆ, ಎಲ್ಲ ಅದರಲ್ಲೇ. ವರ್ಷದಿಂದ ವರ್ಷಕ್ಕೆ ವಿದ್ಯಾರ್ಥಿಗಳು ಪಾಟಿಯ ಮುಂದೆ ಕೂರುವ ಗಂಟೆಗಳು ಹೆಚ್ಚುತ್ತಿದ್ದವು, ತಲೆಯಲ್ಲಿ ಉಳಿಯುವುದು ಕಡಿಮೆಯಾಗುತ್ತಿತ್ತು. ಇದು ಯಾಕೆ ಎಂಬುದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಪುರಾವೆ ಯಾರ ಬಳಿಯೂ ಇರಲಿಲ್ಲ.

ಪುರಾವೆಯ ದಾರಿ ಕಂಡುಕೊಂಡವರು ಇಂದುಮತಿ. ಹೊಸ ಸಂಗತಿಯೊಂದು ನೆನಪಾಗಿ ಕೂರುವಾಗ ಮಿದುಳಿನಲ್ಲಿ ಸುಮಾರು ಎಂಟು ಸೆಕೆಂಡು ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ ಎಂದು ಅವರು ಗುರುತಿಸಿದ್ದರು. ಅದಕ್ಕೆ 'ನಾಟುವ ಗಳಿಗೆ' ಎಂದು ಹೆಸರಿಟ್ಟಿದ್ದರು. ಆ ಎಂಟು ಸೆಕೆಂಡು ಯಾರೂ ಕದಡದಿದ್ದರೆ ವಿಷಯ ಸಸಿಯಂತೆ ಬೇರು ಬಿಡುತ್ತದೆ. ಆ ಅಲೆಯನ್ನು ಹಿಡಿಯಲು ಅವರು ಅವರೆಕಾಳಿನಷ್ಟು ದೊಡ್ಡ ಯಂತ್ರವೊಂದನ್ನು ಮಾಡಿಸಿದ್ದರು. ಕಿವಿಯ ಹಿಂದೆ ಅಂಟಿಸಿಕೊಂಡರೆ ಅದು ಮಿದುಳಿನ ಅಲೆ ಓದಿ ಪಾಟಿಗೆ ತಿಳಿಸುತ್ತಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು 'ಧಾರಣ'. ವಿದ್ಯಾರ್ಥಿಗಳು ಮಾತ್ರ ಅದನ್ನು 'ಹುಳ' ಎನ್ನುತ್ತಿದ್ದರು.

ಮೊದಲ ವರ್ಷದ ನೂರ ಇಪ್ಪತ್ತನಾಲ್ಕು ವಿದ್ಯಾರ್ಥಿಗಳು ಹುಳ ಹಾಕಿಕೊಳ್ಳಲು ಒಪ್ಪಿದರು. ಅವರಲ್ಲಿ ಅರ್ಧ ಮಂದಿ 'ಅ' ಗುಂಪು. ನಾಟುವ ಗಳಿಗೆ ಶುರುವಾದೊಡನೆ ಅವರ ಪಾಟಿ ಎಲ್ಲ ಸೂಚನೆಗಳನ್ನೂ ತಡೆದು ಮೌನವಾಗುತ್ತದೆ. ಉಳಿದ ಅರವತ್ತೆರಡು ಮಂದಿ 'ಬ' ಗುಂಪು. ಅವರ ಹುಳ ಸುಮ್ಮನೆ ಅಳೆಯುತ್ತದೆ, ಏನೂ ಮಾಡುವುದಿಲ್ಲ. ಯಾರು ಯಾವ ಗುಂಪಿನವರೆಂದು ವಿದ್ಯಾರ್ಥಿಗಳಿಗೂ ಗೊತ್ತಿಲ್ಲ, ಲೆಕ್ಕ ಹಾಕುವ ಶಿವಲೀಲಾಳಿಗೂ ಗೊತ್ತಿಲ್ಲ. ಅವಳ ಕಂಪ್ಯೂಟರಿಗೆ ಬರುವುದು ಹೆಸರಿಲ್ಲದ ಸಂಖ್ಯೆಗಳು. ಹೆಸರುಗಳ ಪಟ್ಟಿ ಇಂದುಮತಿಯವರ ಬಳಿ ಮಾತ್ರ. ಅಧ್ಯಯನ ನಿಷ್ಪಕ್ಷಪಾತವಾಗಿರಲು ಮಾಡಿದ ಈ ಏರ್ಪಾಟಿನಲ್ಲಿ ಶಿವಲೀಲಾಳಿಗೆ ತಪ್ಪೇನೂ ಕಾಣಲಿಲ್ಲ.

ಒಪ್ಪಿಗೆ ಪತ್ರವನ್ನು ಅವ್ವನಿಗೆ ಓದಿ ಹೇಳಿದವಳೂ ಅವಳೇ. "'ಈ ಸಾಧನವು ನಿಮ್ಮ ಓದಿಗೆ ಯಾವುದೇ ರೀತಿಯಲ್ಲಿ ಅಡ್ಡಿಪಡಿಸುವುದಿಲ್ಲ.' ನೋಡವ್ವ, ಹಾಕ್ಕೊಂಡ್ರ ಲಾಭನ ಆಗಬಹುದು, ನಷ್ಟಂತೂ ಇಲ್ಲ."

ಮಹಾನಂದಾ ಸಹಿ ಮಾಡಿದಳು.

* * *

ಮೊದಲ ಸೆಮಿಸ್ಟರಿನಲ್ಲಿ ಐದರಲ್ಲಿ ಮೂರು ಪೇಪರ್ ಹೋದವು.

ಓದಲಿಲ್ಲ ಎನ್ನುವಂತಿರಲಿಲ್ಲ. ಬೆಳಿಗ್ಗೆ ತರಗತಿ, ಮಧ್ಯಾಹ್ನದ ಮೇಲೆ ಗ್ರಂಥಾಲಯದ ಕೆಲಸ, ಸಂಜೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಪಾಟಿಯನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು ಓದು. ಖನಿಜಗಳ ಗಡಸುತನದ ಪಟ್ಟಿಯಲ್ಲಿ ಇದ್ದದ್ದು ಹತ್ತೇ ಹೆಸರು.

"ಟಾಲ್ಕ್, ಜಿಪ್ಸಂ, ಕ್ಯಾಲ್ಸೈಟ್..."

ಅಷ್ಟರಲ್ಲಿ ಪಾಟಿಯ ಮೂಲೆಯಲ್ಲೊಂದು ಬೆಳಕು ಮಿನುಗಿ, ನಾಳೆ ಗ್ರಂಥಾಲಯ ಒಂಬತ್ತಕ್ಕೆ ತೆರೆಯುತ್ತದೆ ಎಂಬ ಸೂಚನೆ ಬರುತ್ತಿತ್ತು. ಬೆರಳಿನಿಂದ ಸರಿಸಿ ಮತ್ತೆ ಮೊದಲಿನಿಂದ ಶುರು ಮಾಡುವಳು. ಫ್ಲೋರೈಟಿನ ಹತ್ತಿರ ಬಂದಾಗ, ಇಂದು ಮೆಸ್ಸಿನಲ್ಲಿ ಬದನೆಕಾಯಿ ಪಲ್ಯ ಎಂಬ ಸೂಚನೆ. ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಎಲ್ಲರ ಪಾಟಿಯಲ್ಲೂ ದಿನವಿಡೀ ಇಂಥವು ಬರುತ್ತಲೇ ಇರುತ್ತಿದ್ದವು. ಪಕ್ಕದಲ್ಲಿ ಕೂರುವ ಹದಿನೆಂಟರ ಹುಡುಗಿಯರು ಸೂಚನೆ ನೋಡುತ್ತಲೇ ಓದಿ ಪಾಸಾಗಿದ್ದರು. ಹಾಗಾದರೆ ಕೊರತೆ ತನ್ನಲ್ಲೇ ಇರಬೇಕು.

ಅವಳ ಮನಸ್ಸಿನಲ್ಲಿ ಬೇರೊಂದು ಭಯ ಕೂತಿತ್ತು. ಅವಳ ತಾಯಿ ಗೌರವ್ವ ಕೊನೆಯ ಮೂರು ವರ್ಷ ಎಲ್ಲವನ್ನೂ ಮರೆತಿದ್ದಳು. ಊಟಕ್ಕೆ ಬಡಿಸುತ್ತಿದ್ದ ಮಗಳನ್ನೇ "ನೀವು ಯಾರ ಪೈಕಿರಿ?" ಎಂದು ಬಹುವಚನದಲ್ಲಿ ಕೇಳುತ್ತಿದ್ದಳು.

ಎರಡನೆಯ ಸೆಮಿಸ್ಟರಿನ ನಡುವೆ ಮಹಾನಂದಾ ಯಾರಿಗೂ ಹೇಳದೆ ಜಿಲ್ಲಾಸ್ಪತ್ರೆಗೆ ಹೋದಳು. ಡಾಕ್ಟರ್ ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ತಪ್ಪಿಲ್ಲದೆ ಹೇಳಿದಳು. ಗಡಿಯಾರದ ಚಿತ್ರ ಬರೆಸಿದರು, ಬರೆದಳು. "ನಿಮಗ ಏನೂ ಆಗಿಲ್ಲರಿ, ಆರಾಮಾಗಿ ಓದ್ರಿ," ಎಂದು ಕಳಿಸಿದರು. ಅವಳು ನಂಬಲಿಲ್ಲ. ಚೀಟಿ ಶಿವಲೀಲಾಳ ಕೈಗೆ ಸಿಕ್ಕಾಗಲೇ ಈ ವಿಷಯ ಹೊರಬಿದ್ದದ್ದು.

"ಡಾಕ್ಟರ್ ಸರಿ ಐತಿ ಅಂದಾರಲ್ಲವ್ವ?"

"ಅವರು ಸಮಾಧಾನಕ್ಕ ಹಂಗ ಅಂತಾರ. ಓದಿದ್ದು ನಿಲ್ಲವಲ್ತು ಶಿವಲೀ. ಬುಟ್ಟ್ಯಾಗ ನೀರು ತುಂಬಿದಂಗ ಆಗೈತಿ. ನಿಮ್ಮ ಅಜ್ಜಿಗೂ ಹಿಂಗ ಚಾಲೂ ಆಗಿತ್ತು."

"ನಿನಗ ಲಕ್ಷ್ಯ ಇಲ್ಲ ಅಷ್ಟ. ಓದೂ ಮುಂದ ಒಲಿ ಕಡೆ ಒಂದು ಕಣ್ಣು, ಬಾಗಲ ಕಡೆ ಒಂದು ಕಣ್ಣು. ಹುಳ ಮನಿಯಾಗ ಆಗಾಗ ತಗದಿಡಬ್ಯಾಡ. ದಿನಾ ಪೂರ್ತಿ ಹಾಕ್ಕೋ. ಲಕ್ಷ್ಯ ಎಲ್ಲಿ ತಪ್ಪತೈತಿ ಅನ್ನೂದು ಅದರಾಗ ಗೊತ್ತಾಕ್ಕೈತಿ."

ಮಹಾನಂದಾ ಅಂದಿನಿಂದ ಸ್ನಾನದ ಹೊತ್ತು ಬಿಟ್ಟರೆ ಹುಳ ತೆಗೆಯಲಿಲ್ಲ.

ಏಪ್ರಿಲ್ ಬಂತು. ಬಯಲುಸೀಮೆಯ ಬಿಸಿಲಿಗೆ ಕಿವಿಯ ಹಿಂದೆ ಬೆವರುಸಾಲೆ ಎದ್ದು ಹುಣ್ಣಾಯಿತು. ತಡೆಯಲಾರದೆ ಅವಳು ಹುಳ ಕಿತ್ತು ಕಪಾಟಿನ ಖಾನೆಯಲ್ಲಿಟ್ಟಳು. ಹತ್ತನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಶಿವಲೀಲಾಳನ್ನು ಕೂಗಿ ಕರೆದಳು. ರೊಟ್ಟಿ ಬಡಿಯುವ ಲಯಕ್ಕೇ ಹೇಳುತ್ತ ಹೋದಳು: ಟಾಲ್ಕ್, ಜಿಪ್ಸಂ, ಕ್ಯಾಲ್ಸೈಟ್, ಫ್ಲೋರೈಟ್, ಅಪಟೈಟ್, ಆರ್ಥೋಕ್ಲೇಸ್, ಕ್ವಾರ್ಟ್ಜ್, ಟೋಪಾಜ್, ಕೊರಂಡಮ್, ವಜ್ರ. ಅಲ್ಲಿಗೆ ನಿಲ್ಲಿಸದೆ ಹರಳುಗಳ ಆರು ಆಕಾರಗಳನ್ನೂ, ಒಂದೊಂದಕ್ಕೆ ಒಂದು ಉದಾಹರಣೆಯನ್ನೂ ಹೇಳಿದಳು. ಅವಳ ಮುಖದ ಮೇಲೆಲ್ಲ ಹಿಟ್ಟು, ನಗು.

"ಹುಳ ತಗದಿಟ್ಟೀನಿ, ಒಂಬತ್ತು ದಿನ ಆತು. ಅದನ್ನ ತಗದ ಮ್ಯಾಲೇನ ತಲಿಯಾಗ ನಿಲ್ಲಾಕ ಹತ್ತೈತಿ ನೋಡು!"

ಶಿವಲೀಲಾ ಕೇಳಿಸಿಕೊಂಡದ್ದು ಮೊದಲ ಮಾತನ್ನು ಮಾತ್ರ. "ಒಂಬತ್ತು ದಿನ? ಅವ್ವ, ನನಗೊಂದು ಮಾತು ಹೇಳಬಾರದಾ? ಅಷ್ಟು ದಿನದ ಮಾಹಿತಿ ಹೋತಲ್ಲ! ಅದು ಬರೇ ಅಳಿಯೂ ಯಂತ್ರ. ಅದನ್ನ ತಗದ್ರ ನೆನಪು ಹೆಂಗ ಜಾಸ್ತಿ ಆಕ್ಕೈತಿ? ನೂರು ಸಲ ಓದೀದಿ, ಈಗ ಬಂದೈತಿ ಅಷ್ಟ."

"ಇಲ್ಲ ಶಿವಲೀ, ನನಗ ಗೊತ್ತಾಗತೈತಿ..."

"ನಾ ಅದರಾಗ ನಾಕು ವರ್ಷ ಕೆಲಸಾ ಮಾಡೀನಿ. ನನಗ ಗೊತ್ತಿಲ್ಲೇನು?"

ಅಂದೇ ಮುಲಾಮು ತಂದಳು, ಇನ್ನೊಂದು ಕಿವಿಯ ಹಿಂದೆ ತಾನೇ ಹುಳ ಅಂಟಿಸಿದಳು. ಮಹಾನಂದಾ ಕತ್ತು ಬಗ್ಗಿಸಿ ಕೂತಿದ್ದಳು.

ಎರಡನೆಯ ಸೆಮಿಸ್ಟರಿನಲ್ಲಿ ನಾಲ್ಕು ಪೇಪರ್ ಹೋದವು. ಫಲಿತಾಂಶ ಬಂದ ವಾರದಲ್ಲಿ ಮಹಾನಂದಾ ಭೂಗರ್ಭಶಾಸ್ತ್ರ ವಿಭಾಗಕ್ಕೆ ಹೋಗಿ, ಅನಾರೋಗ್ಯದ ಕಾರಣ ಓದು ನಿಲ್ಲಿಸುತ್ತಿದ್ದೇನೆ ಎಂದು ಬರೆದುಕೊಟ್ಟು ಬಂದಳು. ಏನು ಅನಾರೋಗ್ಯ ಎಂದು ವಿಭಾಗದವರು ಕೇಳಿದಾಗ "ಮರೆವು" ಎಂದಿದ್ದಳಂತೆ.

* * *

ಜುಲೈ ತಿಂಗಳ ಒಂದು ಮಧ್ಯಾಹ್ನ ಶಿವಲೀಲಾ ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ವರ್ಷದ ಮಾಹಿತಿಯನ್ನು ಒಪ್ಪ ಮಾಡುತ್ತಿದ್ದಳು. ಗೋಡೆಯ ತುಂಬ ಪರದೆಗಳು, ಪ್ರತಿ ಪರದೆಯ ಮೇಲೂ ಹಸಿರು ಅಲೆಗಳು. ಕಿಟಕಿಯಾಚೆ ಎರೆಹೊಲ, ಅದರಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು. ಪ್ರಬಂಧದ ಕರಡು ಸಿದ್ಧವಾಗಿತ್ತು. ಎರಡು ಗುಂಪುಗಳ ನಡುವಿನ ಅಂತರ ಯಾರೂ ನಿರೀಕ್ಷಿಸದಷ್ಟು ದೊಡ್ಡದಾಗಿತ್ತು. 'ಅ' ಗುಂಪಿನವರು ಓದಿದ್ದರಲ್ಲಿ ನೂರಕ್ಕೆ ಎಪ್ಪತ್ತನ್ನು ನೆನಪಿಟ್ಟಿದ್ದರು, 'ಬ' ಗುಂಪಿನವರು ಇಪ್ಪತ್ತೆರಡನ್ನು.

ಇಷ್ಟು ದೊಡ್ಡ ಅಂತರ ಅವಳಿಗೆ ಸ್ವಲ್ಪ ಇರುಸುಮುರುಸು ಮಾಡಿತ್ತು. ಆದರೆ ಇಂದುಮತಿ "ಫಲಿತಾಂಶ ಛಲೋ ಬಂದ್ರ ಅನುಮಾನ ಯಾಕ?" ಎಂದು ನಕ್ಕಿದ್ದರು.

ಕಡತಗಳಲ್ಲಿ 417 ಎಂಬ ಗುರುತಿನ ಸಂಖ್ಯೆ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಇಡೀ ಅಧ್ಯಯನದಲ್ಲಿ ಎಲ್ಲರಿಗಿಂತ ಕಡಿಮೆ ನೆನಪಿಟ್ಟ ವಿದ್ಯಾರ್ಥಿ. ಆ ವ್ಯಕ್ತಿಯ ಬಗ್ಗೆ ಕರಡಿನಲ್ಲಿ ಅವಳೇ ಒಂದು ಸಾಲು ಬರೆದಿದ್ದಳು: 'ಧಾರಣಶಕ್ತಿ ಅಸಹಜವಾಗಿ ಕುಗ್ಗಿರುವ ಪ್ರಕರಣ, ವಯಸ್ಸು ಅಥವಾ ಮಿದುಳಿನ ಕಾಯಿಲೆ ಕಾರಣವಿರಬಹುದು.' ಈಗ ಆ ಕಡತ ತೆರೆದಾಗ ಏಪ್ರಿಲ್ ಆರರಿಂದ ಹದಿನಾಲ್ಕರವರೆಗೆ ಅಲೆಗಳೇ ಇರಲಿಲ್ಲ. ಒಂಬತ್ತು ದಿನ ಖಾಲಿ. ಹದಿನೈದನೆಯ ತಾರೀಕಿನಿಂದ ಅಲೆ ಬಲಗಿವಿಯ ಬದಲು ಎಡಗಿವಿಯಿಂದ ಬರುತ್ತಿತ್ತು.

ತಾನೇ ಅಂಟಿಸಿದ್ದ ಎಡಗಿವಿ. ತಾನು ಕಾಯಿಲೆಯ ಮಿದುಳು ಎಂದು ಬರೆದದ್ದು ಅವ್ವನ ಬಗ್ಗೆ.

ಖಾಲಿ ದಿನಗಳಲ್ಲಿ ಹುಳ ಇಲ್ಲದಿದ್ದರೂ ಪಾಟಿ ದಿನಾ ಕೇಳುವ ಸಣ್ಣ ಪ್ರಶ್ನೆಗಳಿಗೆ ಅವ್ವ ಉತ್ತರಿಸಿದ್ದಳು. ಅದನ್ನು ತೆಗೆದು ನೋಡಿದಳು. ಐದನೆಯ ತಾರೀಕಿನವರೆಗೆ ನೂರಕ್ಕೆ ಹದಿನೆಂಟು. ಹದಿನಾಲ್ಕನೆಯ ತಾರೀಕಿಗೆ ನೂರಕ್ಕೆ ಅರವತ್ತಾರು. ಹದಿನೆಂಟಕ್ಕೆ ಮತ್ತೆ ಇಪ್ಪತ್ತು.

ಬರೀ ಅಳೆಯುವ ಯಂತ್ರ ಹೀಗೆ ಮಾಡಲು ಸಾಧ್ಯವಿಲ್ಲ. ಶಿವಲೀಲಾ ಇದುವರೆಗೆ ತೆರೆಯದಿದ್ದ ಇನ್ನೊಂದು ಕಡತ ತೆರೆದಳು. ಅದರಲ್ಲಿ ಪಾಟಿಗೆ ಬಂದ ಸೂಚನೆಗಳೂ ಅವು ಬಂದ ಸಮಯವೂ ಇದ್ದವು. ಗ್ರಂಥಾಲಯದ ಸಮಯ, ಮೆಸ್ಸಿನ ಪಲ್ಯ, ಹವಾಮಾನ, ಯಾರದೋ ಹುಟ್ಟುಹಬ್ಬ. ಆ ಸಮಯಗಳನ್ನು ಅವ್ವನ ಮಿದುಳಿನ ಅಲೆಯ ಮೇಲೆ ಕೂರಿಸಿದಳು. ನಾಟುವ ಗಳಿಗೆ ಶುರುವಾಗುತ್ತದೆ. ಒಂದು, ಎರಡು, ಮೂರು. ನಾಲ್ಕನೆಯ ಸೆಕೆಂಡಿಗೆ ಸೂಚನೆ ಬರುತ್ತದೆ, ಅಲೆ ಮುರಿದು ಬೀಳುತ್ತದೆ. ಮುಂದಿನದನ್ನು ನೋಡಿದಳು, ನಾಲ್ಕನೆಯ ಸೆಕೆಂಡು. ಅದರ ಮುಂದಿನದೂ ನಾಲ್ಕನೆಯ ಸೆಕೆಂಡು. ಒಂದು ವರ್ಷದಲ್ಲಿ ಹನ್ನೊಂದು ಸಾವಿರ ಸಲ ಅವ್ವನ ತಲೆಯಲ್ಲಿ ಒಂದು ಸಂಗತಿ ಬೇರು ಬಿಡಲು ಹೊರಟಿತ್ತು, ಹನ್ನೊಂದು ಸಾವಿರ ಸಲವೂ ಯಾರೋ ಸರಿಯಾಗಿ ಅರ್ಧಕ್ಕೆ ಕಿತ್ತಿದ್ದರು.

ಸಂಜೆಯೊಳಗೆ ಅವಳು ಉಳಿದ ಕಡತಗಳನ್ನೂ ನೋಡಿದಳು. ಹೀಗಿದ್ದದ್ದು ಸರಿಯಾಗಿ ಅರವತ್ತೆರಡು ಮಂದಿಗೆ. ಅವರಲ್ಲಿ ಇಪ್ಪತ್ತಾರು ಮಂದಿ ಆಗಲೇ ಓದು ಬಿಟ್ಟಿದ್ದರು.

* * *

ಮರುದಿನ ಬೆಳಿಗ್ಗೆ ಇಂದುಮತಿ ತಮ್ಮ ಕೋಣೆಯಲ್ಲಿ ಪ್ರಬಂಧದ ಕರಡು ತಿದ್ದುತ್ತಿದ್ದರು. ಶಿವಲೀಲಾ ಮುದ್ರಿಸಿದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು. ಗಾಬರಿಯಾಗಲಿಲ್ಲ.

"ಯಾವಾಗರೆ ನೀ ಹುಡುಕತೀದಿ ಅಂತ ಗೊತ್ತಿತ್ತು," ಎಂದರು. "ಕುಂದ್ರು."

"ಬ ಗುಂಪಿನ ಹುಳ ಏನೂ ಮಾಡಂಗಿಲ್ಲ ಅಂದಿದ್ರಿ ಮೇಡಮ್."

"ಹೊಸಾದು ಏನೂ ಮಾಡಿಲ್ಲ. ಇವೆಲ್ಲ ದಿನಾ ಎಲ್ಲರ ಪಾಟಿಗೂ ಬರೂ ಸೂಚನಾ. ನಾವು ಅವು ಬರೂ ಟೈಮ್ ಅಷ್ಟ ಬದಲ ಮಾಡೀವಿ."

"ಒಪ್ಪಿಗೆ ಪತ್ರದಾಗ ಅಡ್ಡಿ ಮಾಡಂಗಿಲ್ಲ ಅಂತ ಬರದೈತಿ. ನಾನ ಓದಿ ಹೇಳೀನಿ, ಎಲ್ಲರಿಗೂ."

ಇಂದುಮತಿ ಪೆನ್ನು ಕೆಳಗಿಟ್ಟರು. "ಶಿವಲೀಲಾ, ಹತ್ತು ವರ್ಷ ನಾ ಎಲ್ಲಾರಿಗೂ ಹೇಳಿಕೋತ ಬಂದೆ. ಈ ಸೂಚನಾ, ಈ ಮಿಣಿಮಿಣಿ, ಮಕ್ಕಳ ಓದು ಕೊಲ್ಲಾಕ ಹತ್ತೈತಿ ಅಂತ. ಪುರಾವೆ ಎಲ್ಲೈತಿ ಅಂದ್ರು. ಸುಮ್ನ ಅಳದ್ರ ಸಣ್ಣ ಅಂತರ ಬರತೈತಿ, ಆ ಪಾಟಿ ಕಂಪನಿಯವರು ಅದನ್ನ ಉಫ್ ಅಂತ ಊದಿಬಿಡತಾರ. ಯಾರೂ ಊದಲಾರದಂಥಾ ಪುರಾವೆ ಬೇಕಿತ್ತು. ಓದೂ ಹೊತ್ತಿನ್ಯಾಗ ಮಕ್ಕಳ ಪಾಟಿಗೆ ಯಾವ ಸೂಚನಾನೂ ಬರಬಾರದು ಅಂತ ಕಾನೂನಿನ ಕರಡು ತಯಾರೈತಿ. ಸರಕಾರದ ಸಮಿತಿಯವರು ನಮ್ಮ ಪ್ರಬಂಧದ ದಾರಿ ಕಾಯಾಕ ಹತ್ಯಾರ. ಅರವತ್ತೆರಡು ಮಂದಿ ಒಂದು ವರ್ಷ ಕಳಕೊಂಡ್ರು, ಖರೆ. ಕೋಟಿಗಟ್ಟಲೆ ಮಕ್ಕಳು ಉಳೀತಾರ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಈ ಕಾನೂನಿಗಾಗಿ ಅವಳೂ ನಾಲ್ಕು ವರ್ಷ ದುಡಿದಿದ್ದಳು.

"ಅವರಿಗೆ ಹೇಳಿ ಕೇಳಬಹುದಿತ್ತಲ್ಲರಿ."

"ಹೇಳಿದ್ರ ಅವರು ಹುಷಾರಾಗತಿದ್ರು. ಪ್ರಯೋಗ ಆಗತಿದ್ದಿಲ್ಲ."

ಶಿವಲೀಲಾ ಕೊನೆಯ ಹಾಳೆಯನ್ನು ಮುಂದೆ ತಳ್ಳಿದಳು. ಅದು ಕಡತಗಳ ನಡುವೆ ಸಿಕ್ಕ, ಸಂಖ್ಯೆ ಮತ್ತು ವಯಸ್ಸು ಮಾತ್ರ ಇದ್ದ ಗುಂಪು ಬದಲಾವಣೆಯ ದಾಖಲೆ. ಚೀಟಿ ಎತ್ತಿದಾಗ 417 ಬಿದ್ದದ್ದು 'ಅ' ಗುಂಪಿಗೆ. ಎರಡು ದಿನದ ನಂತರ ಬೇರೊಂದು ಸಂಖ್ಯೆಯ ಬದಲಿಗೆ ಅದನ್ನು 'ಬ' ಗುಂಪಿಗೆ ಸರಿಸಲಾಗಿತ್ತು. ಕೆಳಗೆ ಇಂದುಮತಿಯವರ ಸಹಿ.

"ಇದು ನಮ್ಮವ್ವ. ನಿಮಗ ಗೊತ್ತಿತ್ತು."

ಮೊದಲ ಬಾರಿಗೆ ಇಂದುಮತಿ ಕಿಟಕಿಯ ಕಡೆ ನೋಡಿದರು. "ಗೊತ್ತಿತ್ತು."

"ಯಾಕ್ರಿ?"

"ವಯಸ್ಸಾದವರು ಬ ಗುಂಪಿನ್ಯಾಗ ಒಬ್ಬರರೆ ಬೇಕಿತ್ತು."

"ಅ ಗುಂಪಿನ್ಯಾಗ ಆ ವಯಸ್ಸಿನವರು ಇನ್ನೂ ಇಬ್ಬರು ಇದ್ರು. ಅವರನ್ನ ಯಾಕ ಸರಿಸಲಿಲ್ಲ?"

ಇಂದುಮತಿ ಹಾಳೆಯನ್ನು ಮಗುಚಿಟ್ಟರು. ಆಮೇಲೆ, ಪಾಠ ಹೇಳುವಾಗಿನ ಅದೇ ಸಮಾಧಾನದ ದನಿಯಲ್ಲಿ ಹೇಳಿದರು. "ಆ ವಯಸ್ಸಿನವರು ಒಂದು ಸಲ ನಪಾಸಾದ್ರ ಹುಳಾ ತಗದು ಒಗದು ಹೋಗಿಬಿಡತಾರ. ನಿಮ್ಮವ್ವ ಹೋಗತಿದ್ದಿಲ್ಲ. ಮನಿಯಾಗ ನೀ ಇದ್ದಿ. ನೀ ತಗೀಗೊಡಂಗಿಲ್ಲ ಅಂತ ನನಗ ಖಾತ್ರಿ ಇತ್ತು."

ಹೊರಗೆ ಕಾರಿಡಾರಿನಲ್ಲಿ ಯಾರೋ ಜೋರಾಗಿ ನಗುತ್ತ ಹೋದರು. ಶಿವಲೀಲಾ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡಳು.

"ಈಗ ಇದನ್ನ ಹೊರಗ ಹಾಕಿದ್ರ ಕಾನೂನು ಸಾಯತೈತಿ," ಎಂದರು ಇಂದುಮತಿ. "ನಿನ್ನ ಪಿಎಚ್.ಡಿ.ನೂ ಹೋಕ್ಕೈತಿ. ಅದು ಬ್ಯಾರೆ ಮಾತು. ಕಾನೂನು ಸಾಯತೈತಿ. ವಿಚಾರ ಮಾಡು."

"ನಿಮ್ಮನ್ನ ನಾ ಅವ್ವ ಅಂತಿದ್ದೆರಿ," ಎಂದಳು ಶಿವಲೀಲಾ.

* * *

ಮನೆಗೆ ಬಂದಾಗ ಮಹಾನಂದಾ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ಶಿವಲೀಲಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅಲೆ, ನಾಲ್ಕನೆಯ ಸೆಕೆಂಡು, ಗುಂಪು ಬದಲಿಸಿದ್ದು, ಇಂದುಮತಿಯವರ ಕೊನೆಯ ಮಾತು. ಕಾಯಿಲೆಯ ಮಿದುಳು ಎಂದು ತಾನು ಬರೆದದ್ದನ್ನೂ ಬಿಡಲಿಲ್ಲ.

ಮಹಾನಂದಾಳ ಕೈ ಮೊರದಲ್ಲಿ ನಿಂತಿತು.

"ಹಂಗಾರ ನನ್ನ ತಲಿ ಸರಿ ಐತಿ?"

"ಸರಿ ಐತವ್ವ. ಮೊದಲಿಂದನೂ ಸರಿ ಇತ್ತು."

"ನಮ್ಮವ್ವನ ರೋಗ ನನಗ ಬಂದಿಲ್ಲ?"

"ಇಲ್ಲ."

ಮಹಾನಂದಾ ಸೆರಗಿನಿಂದ ಮುಖ ಒತ್ತಿಕೊಂಡು ಅಲ್ಲೇ ಕೂತಳು. ಭುಜಗಳು ಅಲುಗುತ್ತಿದ್ದವು. ಶಿವಲೀಲಾ ಮುಟ್ಟಲು ಹೋದಾಗ ಅವಳು ಸರಿದು ಕೂತಳು. ಸೆರಗು ತೆಗೆದಾಗ ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ನೆಟ್ಟಗಿತ್ತು.

"ಆ ಮೇಡಮ್ಮಗ ನಾ ಯಾರಾಕಿ? ಪುಸ್ತಕಾ ಜೋಡಸೂ ಹೆಣಮಗಳು. ಆಕಿ ಮಾಡಿದ್ದು ತಿಳೀತು. ನಾ ಅವತ್ತು ರೊಟ್ಟಿ ಬಡಿಯೂ ಮುಂದ ನಿನಗ ಹೇಳಿದೆ. ಇದನ್ನ ತಗದ ಮ್ಯಾಲೆ ನೆನಪು ನಿಲ್ಲಾಕ ಹತ್ತೈತಿ ಅಂತ. ಎಲ್ಲಾ ಹೇಳಿ ತೋರಿಸಿದೆ. ಅವತ್ತು ನನ್ನ ಮಾತು ನಿನಗ ಮಾತಂತ ಅನಸಲೇ ಇಲ್ಲ ಅಲ್ಲ?"

"ನನಗ ಗೊತ್ತಿರಲಿಲ್ಲವ್ವ..."

"ನನಗ ಗೊತ್ತಿತ್ತು. ನಿನಗ ಹೇಳಿದೆ."

ಮಹಾನಂದಾ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಒಂದೆರಡು ಕಲ್ಲು ಆರಿಸಿ ಒಗೆದು ಕೇಳಿದಳು. "ಉಳದವರು ಎಷ್ಟು ಮಂದಿ?"

"ಅರವತ್ತೊಂದು."

"ಅವರೂ ತಮ್ಮ ತಲೀನ ಸರಿ ಇಲ್ಲ ಅಂತ ತಿಳಕೊಂಡಿರತಾರ."

"ಹೌದು."

"ಹಂಗಾರ ಇನ್ನ ಏನು ವಿಚಾರ ಮಾಡ್ತಿ? ಅವರಿಗೆ ಹೇಳು."

* * *

ಶಿವಲೀಲಾ ವಿಶ್ವವಿದ್ಯಾಲಯಕ್ಕೆ ಲಿಖಿತ ದೂರು ಕೊಟ್ಟಳು. ಹೆಸರುಗಳ ಪಟ್ಟಿಯನ್ನು ಕೊಡಬೇಕೆಂದು ನೈತಿಕತಾ ಸಮಿತಿ ಇಂದುಮತಿಯವರಿಗೆ ಆದೇಶ ಮಾಡಲು ಎರಡು ತಿಂಗಳು ಹಿಡಿಯಿತು. ಪ್ರಕಟಣೆಗೆ ಕಳಿಸಿದ್ದ ಪ್ರಬಂಧ ಹಿಂದಕ್ಕೆ ಬಂತು. ಇಂದುಮತಿಯವರನ್ನು ಕೇಂದ್ರದ ಮುಖ್ಯಸ್ಥೆಯ ಜಾಗದಿಂದ ಇಳಿಸಲಾಯಿತು. ಅವರು ರಾಜೀನಾಮೆ ಕೊಟ್ಟು ಊರು ಬಿಟ್ಟರು. ಹೋಗುವಾಗ ಶಿವಲೀಲಾಳನ್ನು ನೋಡಲಿಲ್ಲ. ಅವರು ಹೇಳಿದ್ದಂತೆಯೇ ಶಿವಲೀಲಾಳ ಪಿಎಚ್.ಡಿ. ಹೋಯಿತು, ಕಾನೂನಿನ ಕರಡೂ ಮೂಲೆ ಸೇರಿತು. ಸೂಚನೆಗಳಿಂದ ಓದಿಗೆ ತೊಂದರೆಯಾಗುತ್ತದೆ ಎಂಬುದೇ ಮೋಸದ ಸಂಶೋಧನೆ ಎಂದು ಪಾಟಿಯ ಕಂಪನಿಗಳ ವಕ್ತಾರರು ಟಿ.ವಿ.ಯಲ್ಲಿ ನಗುನಗುತ್ತ ಹೇಳಿದರು. ಶಿವಲೀಲಾ ಅದನ್ನು ಪೂರ್ತಿ ನೋಡಿದಳು. ತಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಅವಳನ್ನು ಅಂದೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ಅರವತ್ತೊಂದು ಪತ್ರಗಳನ್ನು ಅವಳು ಕೈಯಿಂದಲೇ ಬರೆದಳು. 'ನಿಮ್ಮ ನೆನಪಿನಲ್ಲಿ ದೋಷವಿಲ್ಲ. ನಿಮಗೆ ತಿಳಿಸದೆ ನಿಮ್ಮ ಓದನ್ನು ಕೆಡಿಸಲಾಯಿತು. ಆ ಕೆಲಸದಲ್ಲಿ ನನ್ನ ಕೈಯೂ ಇತ್ತು.' ಬಿಟ್ಟ ವರ್ಷವನ್ನು ಮತ್ತೆ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡುತ್ತದೆ ಎಂಬ ಮಾತು ಕೊನೆಯಲ್ಲಿತ್ತು.

ಕೆಲವರು ಬಂದು ಮತ್ತೆ ಸೇರಿದರು. ಒಬ್ಬ ಬೈದು ಬರೆದ. ಒಂದು ದಿನ ಫೋನಿನಲ್ಲಿ ಗಂಡಸೊಬ್ಬರ ದನಿ, "ನನ್ನ ಮಗಳಿಗೆ ದಡ್ಡಿ ಅಂತ ನಾನ ಹೊಡದಿದ್ದೆರಿ ತಂಗಿ," ಎಂದಿತು. ಆಮೇಲೆ ಅವರು ಫೋನ್ ಇಟ್ಟರು. ಮಹಾನಂದಾ ಮತ್ತೆ ತರಗತಿಗೆ ಹೋಗತೊಡಗಿದಳು. ಓದಲು ಮಾತ್ರ ಗ್ರಂಥಾಲಯದ ವಾಚನಾಲಯಕ್ಕೆ ಹೋಗುತ್ತಿದ್ದಳು, ಮುದ್ರಿತ ಪುಸ್ತಕ ಹಿಡಿದು. ಮನೆಯಲ್ಲಿ ಓದಿನ ಮಾತು ಎತ್ತುತ್ತಿರಲಿಲ್ಲ. ಊಟ ಬಡಿಸುವಳು, ಬಟ್ಟೆ ಮಡಿಸಿಡುವಳು, ಹುಷಾರಿಲ್ಲದಿದ್ದರೆ ಕಷಾಯ ಮಾಡಿಕೊಡುವಳು. ಪರೀಕ್ಷೆ ಹೇಗಾಯಿತು ಎಂದು ಶಿವಲೀಲಾ ಕೇಳಿದರೆ "ಆತು" ಎಂದಷ್ಟೇ ಹೇಳುವಳು. ಐದಕ್ಕೆ ಐದೂ ಪಾಸಾದ ಸುದ್ದಿಯನ್ನು ಶಿವಲೀಲಾಳಿಗೆ ಹೇಳಿದವರು ವಿಭಾಗದ ಗುಮಾಸ್ತರು.

ಒಂದು ಪತ್ರಕ್ಕೆ ಮಾತ್ರ ಉತ್ತರವೂ ಬರಲಿಲ್ಲ, ಫೋನೂ ಬರಲಿಲ್ಲ. ಅದು ರೋಣದ ಕಡೆಯ ಹಳ್ಳಿಯೊಂದರ ರುಬೀನಾ ನದಾಫ್ ಎಂಬ ಹುಡುಗಿಗೆ ಬರೆದದ್ದು. ಗಣಿತ ಓದುತ್ತಿದ್ದವಳು ಎರಡು ಸಲ ನಪಾಸಾಗಿ ಮನೆ ಸೇರಿದ್ದಳು. ಒಂದು ಭಾನುವಾರ ಮಹಾನಂದಾ ತಾನೇ ಹೇಳಿದಳು. "ನಡಿ, ಆ ಹುಡುಗೀನ ನೋಡಿಕೊಂಡು ಬರೂಣು."

ಬಸ್ಸಿಳಿದು ಕೇಳುತ್ತ ಹೋದಾಗ ಮನೆ ಸಿಕ್ಕಿತು. ಬಾಗಿಲಿಗೆ ಬಂದ ಹುಡುಗಿಯ ತಾಯಿ, "ಆಕಿ ಯಾರನ್ನೂ ಭೆಟ್ಟಿ ಆಗಂಗಿಲ್ಲರಿ," ಎಂದಳು. ಮಹಾನಂದಾ ತನ್ನ ಹೆಸರು ಹೇಳಿ, "ಆಕಿ ಹಾಕ್ಕೊಂಡಿದ್ದ ಹುಳಾ ನಾನೂ ಹಾಕ್ಕೊಂಡಿದ್ದೆ ಅಂತ ಹೇಳ್ರಿ. ನಾನೂ ನಪಾಸಾಗಿದ್ದೆ," ಎಂದಳು. ಒಳಗೆ ಹೋದ ತಾಯಿ ಬಂದು ಮಹಾನಂದಾಳನ್ನು ಕರೆದಳು. ಶಿವಲೀಲಾ ಹೊರಗಿನ ಕಟ್ಟೆಯ ಮೇಲೆ ಕೂತಳು.

ಕಿಟಕಿ ತೆರೆದಿತ್ತು. ಒಳಗಿನ ಮಾತು ಕೇಳುತ್ತಿತ್ತು. ಅವ್ವ ಆಸ್ಪತ್ರೆಗೆ ಹೋದದ್ದು, ಗಡಿಯಾರ ಬರೆದದ್ದು, ಮರೆವು ಎಂದು ಹೇಳಿ ಓದು ಬಿಟ್ಟದ್ದು, ಎಲ್ಲ ಹೇಳುತ್ತಿದ್ದಳು. ಇಷ್ಟು ಮಾತನ್ನು ಅವಳು ಮಗಳ ಹತ್ತಿರ ಎಂದೂ ಆಡಿರಲಿಲ್ಲ. ಮೊದಲು ಹುಡುಗಿಯ ದನಿಯೇ ಇರಲಿಲ್ಲ. ಆಮೇಲೆ ಅಳು. ಆಮೇಲೆ ಸಣ್ಣ ದನಿಯಲ್ಲಿ ಪ್ರಶ್ನೆಗಳು.

"ಹೊರಗ ಕುಂತಾರಲ್ಲ, ಅವರು ಯಾರ್ರಿ?"

"ನನ್ನ ಮಗಳು," ಎಂದಳು ಮಹಾನಂದಾ. ತುಸು ತಡೆದು ಮುಂದುವರಿಸಿದಳು. "ಆಕಿನೂ ಲ್ಯಾಬಿನಾಕಿನ."

"ಹಂಗಾರ ಒಳಗ ಬರೂದು ಬ್ಯಾಡ ಅನ್ರಿ."

"ಆತು," ಎಂದಳು ಮಹಾನಂದಾ.

ಶಿವಲೀಲಾ ಕಟ್ಟೆಯ ಮೇಲಿಂದ ಏಳಲಿಲ್ಲ. ಅವ್ವ ಇನ್ನೊಂದು ಮಾತು ಸೇರಿಸುತ್ತಾಳೇನೋ, ಈಕೆಯೇ ಕಂಡುಹಿಡಿದಳು, ಈಕೆಯೇ ಪತ್ರ ಬರೆದಳು ಎನ್ನುತ್ತಾಳೇನೋ ಎಂದು ಕಾದಳು. ಒಳಗೆ ಚಹಾದ ಕಪ್ಪುಗಳ ಸದ್ದಾಯಿತು. ಹುಡುಗಿ ಏನೋ ಕೇಳಿದಳು, ಅದಕ್ಕೆ ಮಹಾನಂದಾ ಕಲ್ಲುಗಳ ಬಗ್ಗೆ ಹೇಳತೊಡಗಿದಳು. ಬಸ್ಸಿನ ಹೊತ್ತಾಗುವವರೆಗೂ ಅವಳು ಹೊರಗೆ ಬರಲಿಲ್ಲ.